ಮನೆಗೇ ಬಂದು ತಂದೆತಾಯಿಗೆ ಕಲಿಸುವ ಕಾರ್ಯಕ್ರಮದಿಂದ ಮಗುವಿಗೆ ನಿಜವಾಗಿ ಪ್ರಯೋಜನ ಇದೆಯಾ?

ಮಗುವಿಗೆ ಒಂದು ವರ್ಷ, ವಾರಕ್ಕೊಮ್ಮೆ ಮನೆಗೆ ಬಂದು ಆಟ, ಮಾತು ಹೇಳಿಕೊಡ್ತೀವಿ ಅಂತಿದ್ದಾರೆ, ಒಪ್ಪಿಕೊಳ್ಳಲಾ ಅಂತ ಕೇಳಿದ್ದೀರಿ. ನಾನು ಆರು ವರ್ಷ ಇದೇ ಕೆಲಸ ಮಾಡಿದವಳು. ಖಂಡಿತ ಒಪ್ಪಿಕೊಳ್ಳಿ. ಆದರೆ ಬಂದವರು ಯಾರಿಗೆ ಕಲಿಸ್ತಾರೆ ಅನ್ನೋದನ್ನ ಗಮನಿಸಿ. ಅವರು ಕಲಿಸಬೇಕಾದ್ದು ನಿಮಗೆ.

ಈ ವಿಷಯದಲ್ಲಿ ಎಲ್ಲರೂ ಮೊದಲು ಹೇಳುವುದು ಜಮೈಕಾದ ಅಧ್ಯಯನ. 1986-87ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಬಡ ಮನೆಗಳ 129 ಮಕ್ಕಳನ್ನು ಆರಿಸಿಕೊಂಡರು. ಎಲ್ಲರೂ 9ರಿಂದ 24 ತಿಂಗಳವರು, ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು. ಒಂದು ಗುಂಪಿಗೆ ವಾರಕ್ಕೊಂದು ಕಿಲೋ ಹಾಲಿನ ಪೌಷ್ಟಿಕ ಆಹಾರ ಕೊಟ್ಟರು. ಇನ್ನೊಂದಕ್ಕೆ ವಾರಕ್ಕೊಂದು ಗಂಟೆ ಮನೆ ಭೇಟಿ. ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಯಾವುದೂ ಇಲ್ಲ. ಎರಡು ವರ್ಷ ಹೀಗೆ ನಡೆಯಿತು. ಮನೆಗೆ ಹೋಗುತ್ತಿದ್ದವರು ದೊಡ್ಡ ಡಾಕ್ಟರುಗಳೇನಲ್ಲ, ಸಮುದಾಯ ಆರೋಗ್ಯ ಕಾರ್ಯಕರ್ತೆಯರು. ಆಟಿಕೆಗಳೂ ಮನೆಯಲ್ಲಿ ಬಿಸಾಡೋ ಸಾಮಾನಿನಿಂದ ಮಾಡಿದವು. ಅದೇ ಮಕ್ಕಳನ್ನು ಅವರ 22ನೇ ವಯಸ್ಸಿನಲ್ಲಿ ಮತ್ತೆ ಹುಡುಕಿ ಮಾತಾಡಿಸಿದಾಗ, ಮನೆ ಭೇಟಿ ಸಿಕ್ಕವರ ಸಂಪಾದನೆ ಸಿಗದವರಿಗಿಂತ ಶೇ. 25ರಷ್ಟು ಜಾಸ್ತಿ ಇತ್ತು. ಇದು 2014ರಲ್ಲಿ ಪ್ರಕಟವಾಯಿತು. ಬರೀ ಆಹಾರ ಸಿಕ್ಕ ಗುಂಪಿನಲ್ಲಿ ಅಂಥ ಲಾಭ ಉಳಿದಿರಲಿಲ್ಲ. ಹೊಟ್ಟೆ ತುಂಬಿಸೋದು ಬೇಡ ಅಂತ ಇದರ ಅರ್ಥ ಅಲ್ಲ. ಮಾತು, ಆಟ ಕೂಡ ಮಗುವಿಗೆ ಊಟದಷ್ಟೇ ಮುಖ್ಯ ಅಂತ ನಾನು ಓದಿಕೊಂಡೆ.

ಮೊದಲ ವರ್ಷ ನಾನೇ ಒಂದು ತಪ್ಪು ಮಾಡುತ್ತಿದ್ದೆ. ಒಂದು ಮನೆಗೆ ಹೋದರೆ ಚೀಲ ಬಿಚ್ಚಿ, ಮಗುವಿನ ಎದುರು ಕೂತು, ನಾನೇ ಆಡಿಸುತ್ತಿದ್ದೆ. ಮಗು ಕೇಕೆ ಹಾಕಿ ನಗುತ್ತಿತ್ತು. ತಾಯಿ ಬಾಗಿಲಿಗೆ ಒರಗಿ ನೋಡುತ್ತಾ ನಿಂತಿರುತ್ತಿದ್ದರು. ಮುಂದಿನ ವಾರ ಹೋದರೆ, ನಾನು ಬಿಟ್ಟು ಬಂದ ಡಬ್ಬಿ ಇಟ್ಟ ಜಾಗದಲ್ಲೇ ಇರುತ್ತಿತ್ತು. ಒಂದು ದಿನ ಜೊತೆಗೆ ಬಂದಿದ್ದ ಮೇಲ್ವಿಚಾರಕಿ ಹೊರಗೆ ಬಂದ ಮೇಲೆ ಒಂದೇ ಮಾತು ಕೇಳಿದರು: "ತಾಯಿಯ ಕೈಗೆ ಡಬ್ಬಿ ಎಷ್ಟು ಸಲ ಕೊಟ್ಟೆ?" ಒಂದು ಸಲವೂ ಕೊಟ್ಟಿರಲಿಲ್ಲ.

ಮುಂದಿನ ವಾರ ಡಬ್ಬಿ, ಮುಚ್ಚಳಗಳನ್ನು ತಾಯಿಯ ಮಡಿಲಲ್ಲೇ ಇಟ್ಟೆ. (ಮುಚ್ಚಳ ದೊಡ್ಡದೇ ಇರಬೇಕು, ಮಗು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಇಳಿಯಬಾರದು.) "ನಂಗೆ ಇದೆಲ್ಲ ಬರಲ್ಲ ಅಕ್ಕ" ಅಂದರು. ಸುಮ್ನೆ ಒಂದು ಹಾಕಿ ಅಂದೆ. ಟಕ್ ಅಂತ ಒಳಗೆ ಬಿತ್ತು. ಮಗು ಡಬ್ಬಿ ನೋಡಿತು, ಆಮೇಲೆ ತಲೆ ಎತ್ತಿ ಅಮ್ಮನ ಮುಖ ನೋಡಿತು. "ಒಳಗೆ ಹೋಯ್ತು!" ಅಂದರು ಅವರು. ಮಗು ಇನ್ನೊಂದಕ್ಕೆ ಕೈ ಚಾಚಿತು. ಅಲ್ಲಿಂದ ಮುಂದೆ ನಾನು ಮಾಡಲು ಏನೂ ಉಳಿದಿರಲಿಲ್ಲ. ವಾರಕ್ಕೆ 168 ಗಂಟೆ. ಅದರಲ್ಲಿ ನಾನು ಇರುವುದು ಒಂದೇ ಗಂಟೆ ಅಲ್ವಾ?

ಎಲ್ಲ ಕಡೆ ಫಲಿತಾಂಶ ಇಷ್ಟು ಚೆನ್ನಾಗಿ ಬಂದಿಲ್ಲ, ಅದನ್ನೂ ಹೇಳಬೇಕು. ಕೊಲಂಬಿಯಾದಲ್ಲಿ 1,420 ಮಕ್ಕಳ ಜೊತೆ 18 ತಿಂಗಳು ಇದೇ ರೀತಿ ಮಾಡಿದಾಗ ಕಲಿಕೆ ಸುಧಾರಿಸಿತು. ಕಾರ್ಯಕ್ರಮ ಮುಗಿದು ಎರಡು ವರ್ಷದ ಮೇಲೆ ನೋಡಿದರೆ ಆ ಲಾಭ ಕಾಣಲಿಲ್ಲ. ಅದನ್ನು ಓದಿದ ದಿನ ನನಗೆ ತುಂಬಾ ಬೇಜಾರಾಗಿತ್ತು. ಅಮೆರಿಕದಲ್ಲಿ ಡೇವಿಡ್ ಓಲ್ಡ್ಸ್ ಶುರು ಮಾಡಿದ, ನರ್ಸ್‌ಗಳೇ ಗರ್ಭಿಣಿಯರ ಮನೆಗೆ ಹೋಗುವ ಕಾರ್ಯಕ್ರಮದ ಮೊದಲ ಪ್ರಯೋಗದಲ್ಲಿ, ಮಕ್ಕಳಿಗೆ 15 ವರ್ಷ ಆಗುವ ಹೊತ್ತಿಗೆ ಅವರ ಮೇಲಿನ ದೌರ್ಜನ್ಯ, ನಿರ್ಲಕ್ಷ್ಯದ ದೂರುಗಳು ಎಷ್ಟೋ ಕಡಿಮೆಯಾಗಿದ್ದವು. ಅದೇ ಕಾರ್ಯಕ್ರಮವನ್ನು ಇಂಗ್ಲೆಂಡ್‌ನಲ್ಲಿ ಹದಿಹರೆಯದ ತಾಯಂದಿರ ಜೊತೆ ಪರೀಕ್ಷಿಸಿದಾಗ, ಮಗುವಿನ ಹುಟ್ಟು ತೂಕ, ತಾಯಿಯ ಧೂಮಪಾನದಂಥ ಮುಖ್ಯ ಗುರಿಗಳಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ 2016ರಲ್ಲಿ ವರದಿ ಬಂತು. ಅಲ್ಲಿ ಎಲ್ಲ ತಾಯಂದಿರಿಗೂ ಮೊದಲಿನಿಂದಲೇ ಆರೋಗ್ಯ ಸೇವೆ ಸಿಗುತ್ತಿತ್ತು. ಇದ್ದುದರ ಮೇಲೆ ಇನ್ನಷ್ಟು ಸೇರಿಸಿದರೆ ಹೆಚ್ಚಳ ಕಡಿಮೆ ಕಾಣುವುದು ಸಹಜ ಅನ್ನಿಸುತ್ತದೆ. ಹಾಗಾಗಿ ನಿಮ್ಮ ಮನೆಯಲ್ಲಿ ಈಗಾಗಲೇ ಮಗುವಿನ ಜೊತೆ ಮಾತು, ಹಾಡು, ಪುಸ್ತಕ ಎಲ್ಲ ಇದ್ದರೆ ದೊಡ್ಡ ಬದಲಾವಣೆ ನಿರೀಕ್ಷಿಸಬೇಡಿ.

ಮನೆಗೆ ಯಾರೋ ಬರುವುದು ಮುಜುಗರ ಅನ್ನಿಸಿದರೆ ಗುಂಪಿನಲ್ಲಿ ಸೇರುವ ಅವಕಾಶ ಇದೆಯಾ ಕೇಳಿ. ಒಡಿಶಾದ ಹಳ್ಳಿಗಳಲ್ಲಿ ನಡೆದ ಅಧ್ಯಯನದಲ್ಲಿ ತಾಯಂದಿರ ಗುಂಪು ಭೇಟಿಗಳೂ ಮನೆ ಭೇಟಿಯಷ್ಟೇ ಕೆಲಸ ಮಾಡಿದವು, ಖರ್ಚೂ ಕಡಿಮೆ.

ಸೇರಿದರೆ, ಮೊದಲ ಭೇಟಿಯಲ್ಲಿ ಆಟಿಕೆ ಯಾರ ಕೈಯಲ್ಲಿ ಜಾಸ್ತಿ ಹೊತ್ತು ಇತ್ತು ನೋಡಿ. ಅವರ ಕೈಯಲ್ಲೇ ಇದ್ದರೆ "ನಾನು ಮಾಡ್ತೀನಿ, ನೀವು ನೋಡಿ ಹೇಳಿ" ಅನ್ನಿ. ಒಳ್ಳೆಯ ಕಾರ್ಯಕರ್ತೆ ಇದಕ್ಕೆ ಖುಷಿಪಡುತ್ತಾರೆ. ಹಗಲು ಹೊತ್ತು ಮಗುವನ್ನು ಅಜ್ಜಿಯೋ ಅಪ್ಪನೋ ನೋಡಿಕೊಳ್ಳುವುದಾದರೆ, ಆ ಒಂದು ಗಂಟೆ ಅವರನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಿ.