ಒಂದೇ ಯುಪಿಎಸ್, ಮೂರು ಸರ್ವರ್: ಕರೆಂಟ್ ಹೋದಾಗ ಎಲ್ಲವೂ ಸರಿಯಾಗಿ ಶಟ್‌ಡೌನ್ ಆಗಬೇಕಾದರೆ ನಟ್ ಒಳ್ಳೆಯದಾ, ಎಪಿಸಿಯುಪಿಎಸ್‌ಡಿ ಒಳ್ಳೆಯದಾ?

ನಟ್, ಎಪಿಸಿಯುಪಿಎಸ್‌ಡಿ ಎರಡೂ ಯುಪಿಎಸ್ ಸ್ಥಿತಿ ನೋಡಿಕೊಂಡು ಸರ್ವರ್‌ಗಳನ್ನು ಶಟ್‌ಡೌನ್ ಮಾಡುವ ಸಾಫ್ಟ್‌ವೇರ್‌ಗಳು. ಯುಪಿಎಸ್‌ನ ಯುಎಸ್‌ಬಿ ವೈರು ಒಂದು ಸರ್ವರ್‌ಗೆ ಮಾತ್ರ, ಉಳಿದೆರಡಕ್ಕೆ ನೆಟ್‌ವರ್ಕ್ ಮೂಲಕ ಸುದ್ದಿ ಹೋಗಬೇಕು, ಅಲ್ವಾ? ದಾವಣಗೆರೆಯ ನಮ್ಮ ಆಫೀಸಿನಲ್ಲೂ ಹೀಗೇ ಇತ್ತು. ನಾನು ನಟ್ ಹಾಕಿದೆ. ಯುಪಿಎಸ್ ಪ್ಲಗ್ ಕಿತ್ತು ಟೆಸ್ಟ್ ಮಾಡಿದೆ, ಬ್ಯಾಟರಿ ಇಳಿದ ಮೇಲೆ ಮೂರೂ ಒಂದಾದ ಮೇಲೊಂದು ಚೆನ್ನಾಗಿ ಆಫ್ ಆದವು.

ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗು ಮಳೆ ಬಂದು ಕರೆಂಟ್ ಹೋಯಿತು. ಯುಎಸ್‌ಬಿ ವೈರಿದ್ದ ಮೊದಲ ಸರ್ವರ್ ಮಾತ್ರ ಸರಿಯಾಗಿ ಆಫ್ ಆಯಿತು, ಉಳಿದೆರಡು ಓಡುತ್ತಿದ್ದ ಹಾಗೇ ಸತ್ತವು. ಲೆಕ್ಕಪತ್ರವೆಲ್ಲ ಡೇಟಾಬೇಸ್‌ನ ಹಳೆಯ ಮೈಐಸಾಮ್ ಬಗೆಯ ಟೇಬಲ್‌ಗಳಲ್ಲಿತ್ತು, ದಿಢೀರ್ ಕರೆಂಟ್ ಹೋದರೆ ಅವು ಕೆಡಬಹುದು. ರಿಪೇರಿ ಮಾಡಿದರೆ ಸಾಲುಗಳೇ ಕಾಣೆ. ಬಿಲ್ಲಿನ ಕಟ್ಟು ಮುಂದಿಟ್ಟುಕೊಂಡು ಮೂರು ದಿನ ಮತ್ತೆ ಟೈಪ್ ಮಾಡಿದೆವು.

ತಪ್ಪು ಎಲ್ಲಿತ್ತು ಗೊತ್ತಾ? ಬೀರುವಿನ ಹಿಂದಿದ್ದ ಎಂಟು ಪೋರ್ಟಿನ ಸಣ್ಣ ನೆಟ್‌ವರ್ಕ್ ಸ್ವಿಚ್‌ನಲ್ಲಿ, ಅಂದರೆ ಮೂರೂ ಸರ್ವರ್‌ಗಳನ್ನು ಜೋಡಿಸುವ ಡಬ್ಬಿಯಲ್ಲಿ. ಅದರ ಅಡಾಪ್ಟರ್ ಗೋಡೆಯ ಸಾಕೆಟ್‌ನಲ್ಲಿತ್ತು, ಯುಪಿಎಸ್‌ನಲ್ಲಿ ಅಲ್ಲ. ಕರೆಂಟ್ ಹೋದ ಕ್ಷಣವೇ ಅದರ ಹಸಿರು ದೀಪಗಳೂ ಆರಿದವು. ಯುಪಿಎಸ್ ಬ್ಯಾಟರಿ ಮೇಲಿದೆ ಅಂತ ಒಮ್ಮೆ ಕೇಳಿಸಿಕೊಂಡ ಮೇಲೆ ಸಂಪರ್ಕ ತಪ್ಪಿದ್ದರೆ ನಟ್ ಅದನ್ನು ಬ್ಯಾಟರಿ ಮುಗಿದ ಹಾಗೆಯೇ ಲೆಕ್ಕ ಹಾಕಿ ಶಟ್‌ಡೌನ್ ಮಾಡುತ್ತದೆ. ಆದರೆ ಈ ಎರಡು ಸರ್ವರ್‌ಗಳಿಗೆ ಆ ಮಾತು ತಲುಪಲೇ ಇಲ್ಲ. ಕೊನೆಗೆ ಕೇಳಿದ್ದು 'ಲೈನ್ ಕರೆಂಟ್ ಇದೆ' ಅಂತ, ಹಾಗಾಗಿ ಸುಮ್ನೆ ಕೆಲಸ ಮುಂದುವರಿಸಿದವು. ಇತ್ತ ಮೊದಲನೆಯದು ತಾನು ಆಫ್ ಆಗುವಾಗ ಯುಪಿಎಸ್‌ಗೆ ಔಟ್‌ಪುಟ್ ಕಟ್ ಮಾಡು ಅಂತ ಹೇಳಿತು. ಅಂದರೆ ಆ ಎರಡರ ಕರೆಂಟ್ ತೆಗೆದದ್ದು ನಾನೇ ಬರೆದ ಸೆಟ್ಟಿಂಗ್. ಟೆಸ್ಟ್‌ನಲ್ಲಿ ಇದು ಗೊತ್ತಾಗದೇ ಇದ್ದದ್ದಕ್ಕೂ ಅದೇ ಸ್ವಿಚ್ ಕಾರಣ. ನಾನು ಕಿತ್ತಿದ್ದು ಯುಪಿಎಸ್ ಪ್ಲಗ್ ಮಾತ್ರ, ಗೋಡೆಯಲ್ಲಿ ಕರೆಂಟ್ ಇತ್ತು, ಸ್ವಿಚ್ ಆರಾಮಾಗಿ ಓಡುತ್ತಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಯಾವ ಸಾಫ್ಟ್‌ವೇರ್ ಆದರೂ ನಡೆಯುತ್ತದೆ, ನಡುವಿನ ಸ್ವಿಚ್ ಸತ್ತರೆ ಎರಡೂ ಕೆಲಸಕ್ಕೆ ಬರುವುದಿಲ್ಲ. ಮೊದಲು ಸ್ವಿಚ್ಚನ್ನು ಯುಪಿಎಸ್‌ಗೆ ಹಾಕಿ. ಆಮೇಲೆ ಬ್ಯಾಕಪ್ ತೆಗೆದು, ಪ್ಲಗ್ ಮುಟ್ಟದೆ ಆ ರೂಮಿನ ಎಂಸಿಬಿ ಇಳಿಸಿ ನೋಡಿ. ಇನ್ನೊಂದು ಮಾತು, ಯುಎಸ್‌ಬಿ ಇರುವ ಸರ್ವರ್ ಉಳಿದವು ಪೂರ್ತಿ ಆಫ್ ಆಗುವ ತನಕ ಕಾಯುವುದಿಲ್ಲ, ಅವು ಸಂಪರ್ಕ ಬಿಟ್ಟರೆ ಸಾಕು ಅಂದುಕೊಳ್ಳುತ್ತದೆ. ಡೇಟಾಬೇಸ್ ನಿಲ್ಲೋಕೆ ಎರಡು ನಿಮಿಷ ಬೇಕಿದ್ದರೆ ಯುಎಸ್‌ಬಿ ಇರುವ ಸರ್ವರ್‌ನಲ್ಲಿ ನಟ್‌ನ ಫೈನಲ್‌ಡಿಲೇ, ಅಂದರೆ ತಾನು ಆಫ್ ಆಗುವ ಮುಂಚೆ ಕಾಯುವ ಸಮಯ, ಜಾಸ್ತಿ ಮಾಡಿ, ಸುಮ್ಮನೆ ಬಿಟ್ಟರೆ ಅದು 5 ಸೆಕೆಂಡ್ ಅಷ್ಟೇ. ಅಷ್ಟು ಹೊತ್ತು ಬ್ಯಾಟರಿ ತಡೆಯಬೇಕಲ್ಲ, ಅದಕ್ಕೆ ಬ್ಯಾಟರಿ ಲೋ ಅನ್ನುವ ಮಿತಿಯನ್ನೂ ಸ್ವಲ್ಪ ಮೇಲಕ್ಕೆ ಇಡಿ.

ನಮ್ಮ ಸ್ವಿಚ್‌ನ ಅಡಾಪ್ಟರ್ ಮೇಲೆ ಈಗ ಕೆಂಪು ಟೇಪ್ ಸುತ್ತಿದ್ದೇನೆ, ಕಸ ಗುಡಿಸುವವರೂ ಅದನ್ನು ಬೇರೆ ಸಾಕೆಟ್‌ಗೆ ಹಾಕಬಾರದು ಅಂತ.