ಲಿಂಕು ಸತ್ತರೆ ಲೇಖನ ಎಲ್ಲಿ ಹುಡುಕೋದು?

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕಿ. ಬೀಸುವ ಪದಗಳ ಮೇಲೆ ಬರೆದ ಲೇಖನಗಳು, ಹಾಡುಗಾರ್ತಿಯರ ಧ್ವನಿಮುದ್ರಣ ಎಲ್ಲವೂ ಹಿಂದೆ ಕೆಲಸ ಮಾಡುತ್ತಿದ್ದ ಸಂಸ್ಥೆಯ ವೆಬ್‌ಸೈಟಿನಲ್ಲಿ, ನನ್ನ ಪುಟದಲ್ಲಿದ್ದವು. ಅವರು ಸೈಟು ಹೊಸದು ಮಾಡಿದರು, ನನ್ನ ಪುಟ ಮಾಯವಾಯಿತು. ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಆ ಲಿಂಕುಗಳನ್ನೇ ಕೊಟ್ಟಿದ್ದಾರೆ. ಸಂಶೋಧಕರಿಗೆ ಕೊಡುವ ಗುರುತಿನ ಸಂಖ್ಯೆ, ಆರ್ಕಿಡ್ (ORCID) ಐಡಿ, ಮಾಡಿಕೊಂಡರೆ ಸಾಕು ಅಂತಾರೆ. ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ಸಾಕಾಗುವುದಿಲ್ಲ ಮೇಡಂ. ಆದರೆ ಬೇಕು.

ಮೊದಲು ಕಳೆದುಹೋದದ್ದನ್ನು ಹುಡುಕೋಣ. ಇಂಟರ್ನೆಟ್ ಆರ್ಕೈವ್‌ನವರ ವೇಬ್ಯಾಕ್ ಮಷೀನ್‌ಗೆ ಹೋಗಿ ನಿಮ್ಮ ಹಳೆಯ ಪುಟದ ವಿಳಾಸ ಹಾಕಿ. 1996ರಿಂದ ಅವರು ವೆಬ್ ಪುಟಗಳ ನಕಲು ತೆಗೆದಿಡುತ್ತಿದ್ದಾರೆ. ಪುಟ ಸಿಕ್ಕರೆ ಒಳಗಿನ ಪಿಡಿಎಫ್‌ಗಳನ್ನೂ ಒಂದೊಂದಾಗಿ ಒತ್ತಿ ನೋಡಿ, ತೆರೆದುಕೊಂಡದ್ದನ್ನು ಕೂಡಲೇ ಇಳಿಸಿಕೊಳ್ಳಿ. ಗ್ರಂಥಾಲಯದಲ್ಲಿ ಕೂತು ಅಧ್ಯಾಪಕರ ಎಷ್ಟೋ ಲೇಖನಗಳನ್ನು ನಾನು ಹೀಗೇ ಹೊರತೆಗೆದುಕೊಟ್ಟಿದ್ದೇನೆ. ಧ್ವನಿಯ ಫೈಲು ಸಿಗುವುದು ಕಷ್ಟ. ಅದಕ್ಕೆ ನಿಮ್ಮ ಹಳೆಯ ಪೆನ್‌ಡ್ರೈವ್‌ಗಳೇ ಗತಿ.

ಈಗ ಆರ್ಕಿಡ್ ವಿಷಯ. 2012ರಲ್ಲಿ ಶುರುವಾದ, ಲಾಭಕ್ಕೆ ನಡೆಯದ ಸಂಸ್ಥೆ ಅದು. ಸಂಶೋಧಕರಿಗೆ ಪೂರ್ತಿ ಉಚಿತ. ನಾಲ್ಕು ನಾಲ್ಕರಂತೆ 16 ಅಂಕಿ ಕೊಡುತ್ತಾರೆ. ಕೊನೆಯದು ಹಿಂದಿನ 15ರಿಂದ ಲೆಕ್ಕ ಹಾಕಿ ಬರುವ ಅಂಕಿ, ಒಮ್ಮೊಮ್ಮೆ ಅಲ್ಲಿ 'ಎಕ್ಸ್' ಅಕ್ಷರ ಇರುತ್ತದೆ. ನಡುವೆ ಒಂದು ಅಂಕಿ ತಪ್ಪು ಟೈಪಾದರೆ ಲೆಕ್ಕ ತಾಳೆಯಾಗುವುದಿಲ್ಲ, ಅಲ್ಲೇ ಗೊತ್ತಾಗುತ್ತದೆ.

ನಮ್ಮವರಿಗಂತೂ ಇದು ತುಂಬಾ ಬೇಕು. ಇಂಗ್ಲಿಷಿನಲ್ಲಿ ಒಬ್ಬರೇ ಒಂದು ಕಡೆ 'ಮಂಜುನಾಥ', ಇನ್ನೊಂದು ಕಡೆ 'ಮಂಜುನಾಥ್'. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮದುವೆಯಾದ ಮೇಲೆ ಇನಿಷಿಯಲ್ಲೇ ಬದಲಾದವರೂ ಇದ್ದಾರೆ. ಆರ್ಕಿಡ್ ಪುಟದಲ್ಲಿ ಈ ಎಲ್ಲ ರೂಪಗಳನ್ನೂ, ಕನ್ನಡ ಲಿಪಿಯ ಹೆಸರನ್ನೂ ಸೇರಿಸಬಹುದು. ಕಾಲೇಜು ಬದಲಾದರೂ ಸಂಖ್ಯೆ ನಿಮ್ಮದೇ. ಅದಕ್ಕೇ ನೋಂದಣಿಗೆ ಕಾಲೇಜಿನ ಇಮೇಲ್ ಒಂದನ್ನೇ ಕೊಡಬೇಡಿ, ನಿಮ್ಮ ಸ್ವಂತದ್ದನ್ನೂ ಸೇರಿಸಿ.

ಆದರೆ ಆರ್ಕಿಡ್‌ನಲ್ಲಿ ಇರುವುದು ನಿಮ್ಮ ಕೆಲಸಗಳ ಪಟ್ಟಿ ಮಾತ್ರ. ಫೈಲು ಅಲ್ಲಿ ಇರುವುದಿಲ್ಲ. ಸತ್ತ ಲಿಂಕನ್ನು ಅಲ್ಲಿ ಹಾಕಿದರೆ ಅದು ಸತ್ತ ಲಿಂಕೇ. ಪ್ರತಿ ಲೇಖನಕ್ಕೂ ಅದರದೇ ಶಾಶ್ವತ ಗುರುತು ಬೇಕು. ಅದೇ ಡಿಓಐ (DOI). 10 ಮತ್ತು ಚುಕ್ಕೆಯಿಂದ ಶುರುವಾಗುತ್ತದೆ. ಊರು ಬಿಡುವಾಗ ಅಂಚೆಯಣ್ಣನಿಗೆ ಹೊಸ ವಿಳಾಸ ಹೇಳಿ ಹೋಗುತ್ತೇವಲ್ಲ, ಹಾಗೆ. ಫೈಲು ಜಾಗ ಬದಲಿಸಿದಾಗ ಅದನ್ನು ಇಟ್ಟುಕೊಂಡವರು ಹೊಸ ವಿಳಾಸ ತಿಳಿಸುತ್ತಾರೆ, ಓದುಗರ ಹಳೆಯ ಲಿಂಕು ಅಲ್ಲಿಗೇ ಹೋಗುತ್ತದೆ. ತಿಳಿಸುವವರು ಕೈಬಿಟ್ಟರೆ ಡಿಓಐ ಕೂಡ ಸುಮ್ನೆ ಒಂದು ಸಂಖ್ಯೆ. ಹಾಗಾಗಿ ಯಾರ ಹತ್ತಿರ ಇಡುತ್ತೀರಿ ಅನ್ನೋದೇ ಮುಖ್ಯ.

ನನ್ನನ್ನು ಕೇಳಿದರೆ ಜೆನೋಡೊ (Zenodo), ಸಂಶೋಧಕರು ತಮ್ಮ ಫೈಲುಗಳನ್ನು ಇಡುವ ವೆಬ್‌ಸೈಟು. ಜಿನೀವಾ ಹತ್ತಿರದ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ಇದನ್ನು 2013ರಿಂದ ನಡೆಸುತ್ತಿದೆ. ದುಡ್ಡಿಲ್ಲದೆ ಡಿಓಐ ಕೊಡುತ್ತದೆ. ಪ್ರಕಟಿಸುವ ಮೊದಲೇ ಡಿಓಐ ಕಾಯ್ದಿರಿಸಿಕೊಳ್ಳಬಹುದು. ಅದನ್ನು ಪಿಡಿಎಫ್‌ನ ಮೊದಲ ಪುಟದಲ್ಲೇ ಅಚ್ಚು ಹಾಕಿ, ಆಮೇಲೆ ಏರಿಸಿ. ಆಗ ಫೈಲು ವಾಟ್ಸಾಪ್‌ನಲ್ಲಿ ಎಲ್ಲೇ ಅಲೆದರೂ ವಿಳಾಸ ಜೊತೆಗೇ ಇರುತ್ತದೆ. ಪತ್ರಿಕೆಗಳಲ್ಲಿ ಬಂದ ಲೇಖನವಾದರೆ ಮೊದಲು ಅವರ ಒಪ್ಪಿಗೆ ಪಡೆಯಿರಿ.

ನಿಮ್ಮ ಪಿಎಚ್‌ಡಿ ಪ್ರಬಂಧ ಶೋಧಗಂಗಾದಲ್ಲಿ (ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಇಡುವ ಜಾಲತಾಣ) ಇದ್ದರೆ ಅದಕ್ಕೆ ಹೊಸ ಗುರುತು ಬೇಡ. ಆ ಪುಟದಲ್ಲೇ 10603 ಎಂದು ಶುರುವಾಗುವ ಹ್ಯಾಂಡಲ್, ಅಂದರೆ ಡಿಓಐ ತರಹದ್ದೇ ಶಾಶ್ವತ ಗುರುತು, ಇರುತ್ತದೆ. ಬ್ರೌಸರಿನ ಮೇಲೆ ಕಾಣುವ ಉದ್ದನೆಯ ವಿಳಾಸ ಬಿಟ್ಟು ಅದನ್ನೇ ಕೊಡಿ.

ಧ್ವನಿಮುದ್ರಣಗಳಿಗೆ ಮಾತ್ರ ಅವಸರ ಮಾಡಬೇಡಿ. ಆ ಹಾಡುಗಳನ್ನು ಕೊಟ್ಟವರು ಆ ಅಜ್ಜಿಯರು. ಡಿಓಐ ಸಿಕ್ಕಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಸುಲಭವಲ್ಲ. ಅವರನ್ನೋ, ಅವರಿಲ್ಲದಿದ್ದರೆ ಮಕ್ಕಳನ್ನೋ ಕೇಳಿ. ಎಲ್ಲರೂ ಕೇಳುವುದು ಬೇಡ ಎಂದರೆ, ವಿವರ ಮಾತ್ರ ಎಲ್ಲರಿಗೂ ಕಾಣುವಂತೆ, ಫೈಲು ನಿಮ್ಮ ಅನುಮತಿ ಇದ್ದವರಿಗಷ್ಟೇ ಸಿಗುವಂತೆ ಇಡುವ ಅನುಕೂಲ ಜೆನೋಡೊದಲ್ಲಿದೆ. ಹಾಡಿದವರ ಹೆಸರು ಹಾಕಲು ಒಪ್ಪಿದರೆ ಅದನ್ನು ನಿಮ್ಮ ಹೆಸರಿನ ಪಕ್ಕದಲ್ಲೇ ಹಾಕಿ.