ಗುಲಾಮನ ಜೋಡಿ ಬಂದಾಗಲೆಲ್ಲ ಸೋಲುತ್ತೇನೆ, ಹೇಗೆ ಆಡಬೇಕು?

ಆನ್‌ಲೈನ್ ನೋ-ಲಿಮಿಟ್ ಪೋಕರ್‌ನಲ್ಲಿ (ಪಂತಕ್ಕೆ ಮಿತಿ ಇಲ್ಲದ ಇಸ್ಪೀಟ್ ಆಟ) ಕೈಗೆ ಎರಡು ಗುಲಾಮ ಬಂದರೆ ರೇಸ್ ಮಾಡುತ್ತೀರಿ, ಅಂದರೆ ಪಂತ ಏರಿಸುತ್ತೀರಿ, ಮೇಜಿನ ಮೇಲೆ ರಾಜನೋ ಎಕ್ಕವೋ ಬೀಳುತ್ತದೆ, ಆಮೇಲೆ ಕೈಕಾಲೇ ಆಡುವುದಿಲ್ಲ ಅಂತ ಬರೆದಿದ್ದೀರಿ. ನಿಮ್ಮ ಗ್ರಹಚಾರ ಏನೂ ಕೆಟ್ಟಿಲ್ಲ. ಫ್ಲಾಪ್‌ನಲ್ಲಿ, ಅಂದರೆ ಮೇಜಿನ ಮೇಲೆ ಮೊದಲು ಬಿಚ್ಚುವ ಮೂರು ಎಲೆಗಳಲ್ಲಿ, ರಾಣಿ, ರಾಜ, ಎಕ್ಕ ಒಂದಾದರೂ ಬೀಳುವುದು ನೂರಕ್ಕೆ 57 ಸಲ. ನಿಮ್ಮದು ಹತ್ತರ ಜೋಡಿಯಾದರೆ ಅದಕ್ಕಿಂತ ದೊಡ್ಡ ಎಲೆ ಬೀಳುವುದು ಸುಮಾರು 70 ಸಲ, ಒಂಬತ್ತಾದರೆ 79. ಇನ್ನೊಂದು ಗುಲಾಮ ಸಿಗುವುದು ಬರೀ 12 ಸಲ. ಅದಕ್ಕೇ ಕಾಯುತ್ತಾ ಕೂತರೆ ಮಳೆಗಾಲ ಮುಗಿದೀತು.

ನಾನು ಜಾಸ್ತಿ ಕಳಕೊಂಡದ್ದು ಫ್ಲಾಪ್‌ಗಿಂತ ಮೊದಲೇ. ದುಡ್ಡಿನ ಆಟ ನಡೆಯುತ್ತಿದ್ದ ಕಾಲ, ತುಳುನಾಡಿನ ಆಟಿ ತಿಂಗಳ ಒಂದು ರಾತ್ರಿ. ಉಡುಪಿಯ ಮನೆಯಲ್ಲಿ ಅಜ್ಜಿ ಚೆನ್ನೆಮಣೆ ಮುಂದಿಟ್ಟುಕೊಂಡು ಕೂತಿದ್ದರು, ನಾನು ಮೂಲೆಯಲ್ಲಿ ಮೊಬೈಲ್ ಹಿಡಿದು. ಒಂದು ಗಂಟೆಯಿಂದ ಎಲೆ ಬಿಸಾಡುತ್ತಲೇ ಇದ್ದವನೊಬ್ಬ ಎಲ್ಲರಿಗಿಂತ ಮೊದಲು ಆಡಬೇಕಾದ ಸೀಟಿನಿಂದ ರೇಸ್ ಮಾಡಿದ. ನನ್ನಲ್ಲಿ ಗುಲಾಮನ ಜೋಡಿ. ನಾನು ಏರಿಸಿದೆ, ಅವನು ಮತ್ತೆ ಏರಿಸಿದ, ನಾನು ಇದ್ದದ್ದೆಲ್ಲ ಇಟ್ಟು ಆಲ್ ಇನ್. ಅವನದ್ದು ರಾಣಿ ಜೋಡಿ. "ಎಂಥ ಮಾರಾಯ, ಮುಖ ಹುಳ್ಳಗೆ ಮಾಡಿದ್ದಿ?" ಅಂತ ಅಜ್ಜಿ ಕೇಳಿದರು.

ಆಮೇಲೆ ಕೂತು ಲೆಕ್ಕ ಹಾಕಿದೆ. ಅಂಥವನ ಕೈಯಲ್ಲಿ ಇರಬಹುದಾದದ್ದು ರಾಣಿ, ರಾಜ ಅಥವಾ ಎಕ್ಕದ ಜೋಡಿ, ಒಟ್ಟು 18 ಬಗೆ. ಇಲ್ಲವೇ ಎಕ್ಕ-ರಾಜ, 16 ಬಗೆ. ಎಕ್ಕ-ರಾಜನ ಎದುರು ಗುಲಾಮನೇ ಒಂಚೂರು ಮೇಲೆ. ಆದರೆ ಎಲ್ಲಾ ಸೇರಿಸಿದರೆ ನಾನು ಗೆಲ್ಲುವುದು ನೂರಕ್ಕೆ 36 ಮಾತ್ರ. ನನಗಿಂತ ಸಣ್ಣ ಎಲೆಯವರೆಲ್ಲ ಓಡಿಹೋಗುವ ಹಾಗೆ ನಾನೇ ಮಾಡಿದ್ದೆ. ಅಲ್ಲಿ ಏರಿಸದೆ ಸುಮ್ನೆ ಕಾಲ್ ಮಾಡಿ (ಅವನಿಟ್ಟಷ್ಟೇ ಇಟ್ಟು) ಫ್ಲಾಪ್ ನೋಡಬೇಕಿತ್ತು.

ಈಗ ಬನ್ನಿ, ಮೊನ್ನೆಯ ಆಟಕ್ಕೆ. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಹಣದ ಆಟಕ್ಕೆ ತಡೆ ಹಾಕುವ ಕಾನೂನು ಬಂತಲ್ವಾ, ಆಮೇಲೆ ನಾವು ಗೆಳೆಯರು ಬಿಟ್ಟಿ ಚಿಪ್ಸ್‌ನಲ್ಲೇ ಆಡುತ್ತೇವೆ. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಇಡಬೇಕಾದ ಪಂತ) 50/100, ನನಗೆ ಗುಲಾಮನ ಜೋಡಿ, 250ಕ್ಕೆ ರೇಸ್ ಮಾಡಿದೆ. ಬಿಗ್ ಬ್ಲೈಂಡ್, ಅಂದರೆ ಆ 100 ಇಟ್ಟಿದ್ದ, ಪಡುಬಿದ್ರಿಯ ಗೆಳೆಯ ಒಬ್ಬನೇ ಕಾಲ್. ಇನ್ನೊಬ್ಬ ಇಟ್ಟಿದ್ದ 50 ಸೇರಿ ಪಾಟ್ (ನಡುವಿನ ಒಟ್ಟು ಪಂತ) 550. ಫ್ಲಾಪ್ ರಾಜ, ಏಳು, ಎರಡು, ಮೂರೂ ಬೇರೆ ಬೇರೆ ಜಾತಿಯ ಎಲೆ. ಅವನು ಚೆಕ್ ಮಾಡಿದ, ಅಂದರೆ ಪಂತ ಇಡದೆ ಸರದಿ ಬಿಟ್ಟುಕೊಟ್ಟ. ರಾಜ ಇದ್ದರೆ ಇರಲಿ, ನಾನು 200 ಹಾಕಿದೆ. ಅವನು ಕಾಲ್. ಟರ್ನ್‌ನಲ್ಲಿ, ಅಂದರೆ ಮೇಜಿನ ನಾಲ್ಕನೇ ಎಲೆಯಾಗಿ, ನಾಲ್ಕು ಬಿತ್ತು, ಇಬ್ಬರೂ ಚೆಕ್. ನೀವು ಎಡವುವುದು ಇಲ್ಲೇ ಅನಿಸುತ್ತದೆ. ಹೆದರಿ ಫೋಲ್ಡ್ ಮಾಡುವುದೂ (ಎಲೆ ಬಿಸಾಡುವುದೂ) ಬೇಡ, ಹಠಕ್ಕೆ ಬಿದ್ದು ಮೂರೂ ಸುತ್ತು ಬೆಟ್ ಕಟ್ಟುವುದೂ ಬೇಡ. ಒಂದು ಸುತ್ತು ಬಿಟ್ಟರೆ ಪಾಟ್ ಸಣ್ಣದಾಗೇ ಉಳಿಯುತ್ತದೆ, ನಮ್ಮ ಕೈಯಲ್ಲಿ ರಾಜ ಇಲ್ಲ ಅನ್ನೋ ಧೈರ್ಯ ಎದುರಿನವನಿಗೆ ಬರುತ್ತದೆ. ರಿವರ್, ಅಂದರೆ ಐದನೆಯ ಕೊನೆಯ ಎಲೆ, ಒಂಬತ್ತು; ಅವನು ಮತ್ತೆ ಚೆಕ್. ನಾನು 400 ಇಟ್ಟೆ. ಅವನು ಏರಿಸಿದ್ದರೆ ಎಲೆ ಬಿಸಾಡುತ್ತಿದ್ದೆ. ಸ್ವಲ್ಪ ಹೊತ್ತು ಯೋಚಿಸಿ ಕಾಲ್ ಮಾಡಿದ. ಅವನದ್ದು ಎಂಟು-ಏಳು, ಬರೀ ಏಳರ ಜೋಡಿ; ಗೆದ್ದದ್ದು ನನ್ನ ಗುಲಾಮ.

ಇದೆಲ್ಲ ಎದುರಿಗೆ ಒಬ್ಬನೇ ಇದ್ದಾಗಿನ ಮಾತು. ಮೂರು ಜನ ಕಾಲ್ ಮಾಡಿ, ರಾಜ ಬಿದ್ದು, ಅವರಲ್ಲೊಬ್ಬ ಜೋರಾಗಿ ಬೆಟ್ ಇಟ್ಟರೆ ನಾನಂತೂ ಎಲೆ ಮಡಚಿ ಚಾ ಕುಡಿಯಲು ಏಳುತ್ತೇನೆ.